ಎರಡು ನಂಬರು, ಒಂದು ದನಿ

ಆ ಹಾಳೆ ನನ್ನ ಕೈಗೆ ಬಂದದ್ದು ಸೋಮವಾರ ಬೆಳಿಗ್ಗೆ. ನಮ್ಮ ಪ್ರೆಸ್ಸಿನಲ್ಲಿ ಪ್ಲೇಟ್ ಮಾಡುವ ಮೊದಲು ಹದಿನಾರು ಪುಟಗಳನ್ನು, ಅಂದರೆ ಒಂದು ಫಾರಂ, ಒಂದೇ ದೊಡ್ಡ ಹಾಳೆಯಲ್ಲಿ ಪ್ರೂಫ್ ತೆಗೆಯುತ್ತೇವೆ. ಅದನ್ನು ಮಡಿಸಿ, ಪುಟಗಳು ಸಾಲಾಗಿ ಬರುತ್ತವೆಯೇ, ಒಂದರ ಬೆನ್ನಿಗೆ ಬರಬೇಕಾದದ್ದೇ ಬಂದಿದೆಯೇ ಎಂದು ನೋಡುವುದು ನನ್ನ ಕೆಲಸ. ಓದುವುದು ನನ್ನ ಕೆಲಸವಲ್ಲ. ಎಂಟನೇ ಕ್ಲಾಸಿಗೆ ಶಾಲೆ ಬಿಟ್ಟವನಿಗೆ ಯಾರೂ ಓದುವ ಕೆಲಸ ಕೊಡುವುದಿಲ್ಲ. ಆದರೆ ನಲವತ್ತೊಂದನೇ ಪುಟದಲ್ಲಿ ನಮ್ಮ ಅಜ್ಜನ ಫೋಟೋ ಇತ್ತು.

ಅದು ಊರಿನ ಸ್ಮಾರಕ ಸಮಿತಿಯ ಪುಸ್ತಕ. ಹಳೆಯ ಯುದ್ಧಕ್ಕೆ ನಮ್ಮ ಊರಿನಿಂದ ಹೋದ ಒಬ್ಬೊಬ್ಬ ಸಿಪಾಯಿಗೂ ಒಂದೊಂದು ಪುಟ. ಫೋಟೋ, ದಳ, ಸೇವೆ, ಸಂಸಾರ. ಭಾನುವಾರ ಚೌಕದಲ್ಲಿ ಹೆಸರು ಕೆತ್ತಿದ ಗೋಡೆಯ ಉದ್ಘಾಟನೆ, ಅದರ ಜೊತೆಗೇ ಪುಸ್ತಕದ ಬಿಡುಗಡೆ. ಅಜ್ಜನ ಫೋಟೋದ ಕೆಳಗೆ ಹೀಗಿತ್ತು: ‘ಟೆಲಿಫೋನ್ ತಂತಿ ದಳ. ಹದಿನಾಲ್ಕು ತಿಂಗಳ ಸೇವೆಯಲ್ಲಿ ಒಂದು ದಿನವೂ ರಜೆ ಪಡೆಯದೆ ದುಡಿದು, ತುಂಡಾದ ತಂತಿಯನ್ನು ಜೋಡಿಸುತ್ತಿದ್ದಾಗ ವೀರಮರಣ. ವಿವಾಹಿತರು. ಮಕ್ಕಳು: ಇಲ್ಲ. ಹತ್ತಿರದ ಬಂಧು: ಅಣ್ಣನ ಮಗ, ನಿವೃತ್ತ ಶಿಕ್ಷಕರು.’

ಮಕ್ಕಳು ಇಲ್ಲವಂತೆ. ಹಾಗಾದರೆ ಮನೆಯಲ್ಲಿ ಅರವತ್ತೆಂಟು ವರ್ಷದಿಂದ ಕೂತಿರುವ ನಮ್ಮಪ್ಪ ಯಾರು?

ಹಾಳೆಯನ್ನು ಎತ್ತಿಕೊಂಡು ನೇರವಾಗಿ ಓನರ್ ಮೇಜಿಗೆ ಹೋದೆ.

"ಇದನ್ನ ಬರೆದಿದ್ದು ಯಾರು?"

"ಇನ್ಯಾರು, ಮೇಷ್ಟ್ರು. ಸಮಿತಿ ಕಾರ್ಯದರ್ಶಿ ಅವರೇ ಅಲ್ವಾ? ಯಾಕೋ, ಪುಟ ತಲೆಕೆಳಗಾಗಿದ್ಯಾ?"

"ನಮ್ಮಪ್ಪನ್ನೇ ಅಳಿಸಿ ಹಾಕಿದ್ದಾನೆ."

ಓನರ್ ಕನ್ನಡಕ ಏರಿಸಿ ಓದಿದರು. ಮಸಿ ಮೆತ್ತಿದ ಹೆಬ್ಬೆರಳಿನಿಂದ ಗಲ್ಲ ಉಜ್ಜಿಕೊಂಡರು. ಅವರಿಗೆ ಎಲ್ಲ ಗೊತ್ತು. ಊರಿಗೇ ಗೊತ್ತು.

"ನೋಡಪ್ಪಾ, ನಾನು ಪ್ರಿಂಟ್ ಹಾಕೋನು. ಕೊಟ್ಟಿದ್ದನ್ನ ಹಾಕ್ತೀನಿ. ನಿಮ್ಮ ಮನೆ ಜಗಳಾನ ತಂದು ನನ್ನ ಮಷೀನಿಗೆ ಸುತ್ತಬೇಡ. ಈ ಫಾರಂ ಓಡೋದು ಶುಕ್ರವಾರ ಮಧ್ಯಾಹ್ನ ಎರಡಕ್ಕೆ. ಅಷ್ಟರೊಳಗೆ ಮೇಷ್ಟ್ರು ತಿದ್ದಿ ಸಹಿ ಹಾಕಿದ್ರೆ ಹೊಸ ಪ್ಲೇಟ್ ಮಾಡ್ತೀನಿ. ಇಲ್ದಿದ್ರೆ ಇದೇ."

ಲೆಕ್ಕ ಸರಳ, ಊರಿನವರು ಬೆರಳು ಮಡಿಸಿ ಎಷ್ಟೋ ಸಲ ಹಾಕಿದ್ದು. ಅಜ್ಜ ಮದುವೆಯಾಗಿ ಎಂಟು ತಿಂಗಳಿಗೆ ಯುದ್ಧಕ್ಕೆ ಹೋದ. ಹದಿನಾಲ್ಕು ತಿಂಗಳು ರಜೆ ಸಿಗಲಿಲ್ಲ. ಅಲ್ಲೇ ಸತ್ತ. ಸತ್ತು ಎಂಟು ತಿಂಗಳಾದ ಮೇಲೆ ಅಜ್ಜಿಗೆ ನಮ್ಮಪ್ಪ ಹುಟ್ಟಿದ. ಆ ಹದಿನಾಲ್ಕು ತಿಂಗಳಲ್ಲಿ ಅಜ್ಜನಿಂದ ಮನೆಗೆ ಬಂದದ್ದು ಬರೀ ಕಾಗದಗಳು. ಹಾಗಾಗಿ ಮಗುವೂ ಕಾಗದದ ಜೊತೆ ಟಪಾಲಿನಲ್ಲೇ ಬಂದಿರಬೇಕು ಎಂದು ಯಾವನೋ ಒಬ್ಬ ನಗೆಚಾಟಿಕೆ ಮಾಡಿದ. ಅದು ಹೆಸರಾಗಿ ಅಂಟಿಕೊಂಡಿತು. ನಮ್ಮಪ್ಪ ‘ಟಪಾಲು’. ಬಸ್ ಡಿಪೋದಲ್ಲಿ ಮೂವತ್ತೆಂಟು ವರ್ಷ ಟಯರ್ ಬಿಚ್ಚಿ ಹಾಕಿದ. ಅಲ್ಲೂ ಟಪಾಲು. ನಿವೃತ್ತಿಯ ದಿನ ಹಾರ ಹಾಕಿದವನೂ ಹಾಗೇ ಕರೆದ. ಅಪ್ಪ ನಕ್ಕು ಕೈ ಮುಗಿದ.

ನಾನು ಮರಿ ಟಪಾಲು. ಎಂಟನೇ ಕ್ಲಾಸಿನಲ್ಲಿ ಈ ಮೇಷ್ಟ್ರೇ ಹಾಜರಿ ಕರೆಯುವಾಗ ನನ್ನ ಹೆಸರಿನ ಹತ್ತಿರ ನಿಂತು, "ಇವನ ವಿಳಾಸ ಸರಿ ಇದ್ಯೋ ಇಲ್ವೋ" ಎಂದರು. ಕ್ಲಾಸೆಲ್ಲ ಗೊಳ್ಳೆಂದಿತು. ನಾನು ಡಸ್ಟರ್ ಎತ್ತಿ ಎಸೆದೆ. ಅವರ ಹುಬ್ಬು ಒಡೆಯಿತು. ನನ್ನ ಓದು ಅಲ್ಲಿಗೆ ಮುಗಿಯಿತು. ಪುಟದಲ್ಲಿದ್ದ ಆ ‘ಅಣ್ಣನ ಮಗ’ ಅವರೇ; ಸಂಬಂಧದಲ್ಲಿ ನನಗೆ ಚಿಕ್ಕಪ್ಪ, ಅಪ್ಪನಿಗಿಂತ ಎರಡು ವರ್ಷ ಚಿಕ್ಕವರು. ಅಪ್ಪನನ್ನು ಅವರು ಒಮ್ಮೆಯೂ ಅಣ್ಣ ಎಂದದ್ದಿಲ್ಲ. ನಾನೂ ಅವರನ್ನು ಚಿಕ್ಕಪ್ಪ ಎಂದದ್ದಿಲ್ಲ.

ಅಂದೇ ಮಧ್ಯಾಹ್ನ ಅವರ ಮನೆಯ ಬಾಗಿಲು ಬಡಿದೆ. ಕಿವಿಯ ಮೇಲೆ ಕೆಂಪು ಪೆನ್ನು ಸಿಕ್ಕಿಸಿಕೊಂಡೇ ಬಂದರು. ಹುಬ್ಬಿನ ಗೀರು ಹಾಗೇ ಇತ್ತು.

"ಡಸ್ಟರ್ ತಂದಿದ್ದೀಯೋ, ಬರಿಗೈಲಿ ಬಂದ್ಯೋ?"

"ನಲವತ್ತೊಂದನೇ ಪುಟ ತಿದ್ದಿ."

"ದಾಖಲೆ ತಗೊಂಡು ಬಾ, ತಿದ್ತೀನಿ. ಒಂದೇ ಒಂದು ರಜೆ ಚೀಟಿ. ಹದಿನಾಲ್ಕು ತಿಂಗಳಲ್ಲಿ ಒಂದು ದಿನ ಊರಿಗೆ ಬಂದಿದ್ದ ಅಂತ ತೋರಿಸು. ನನಗೇನೂ ಹಟ ಇಲ್ಲ."

"ನೀವು ಹುಡುಕಿದ್ರಾ?"

"ಹುಡುಕದೆ ಬರೀತೀನಾ? ಮೂರು ಸಲ ರಜೆ ಕೇಳಿದ್ದ, ಮೂರು ಸಲಾನೂ ಕೊಡಲಿಲ್ಲ." ಬಾಗಿಲಿನ ಚೌಕಟ್ಟಿಗೆ ಒರಗಿದರು. "ಇನ್ನೊಂದು ಮಾತು ಕೇಳಿಸ್ಕೋ. ರಜೆ ಇಲ್ದೆ ಕದ್ದು ಬಂದಿದ್ದ ಅಂತ ಏನಾದ್ರೂ ತಂದ್ಯೋ, ಆ ಪುಟಾನೇ ಇರಲ್ಲ. ಗೋಡೆ ಮೇಲಿನ ಹೆಸರಿಗೆ ಸಿಮೆಂಟ್ ಮೆತ್ತಬೇಕಾಗುತ್ತೆ. ದಳ ಬಿಟ್ಟು ಓಡಿದವರಿಗೆ ಜಾಗ ಇಲ್ಲ, ಸಮಿತಿ ನಿಯಮ. ಈಗಾಗಲೇ ಮೂವರನ್ನ ತೆಗೆದಿದ್ದೀನಿ. ಯೋಚನೆ ಮಾಡಿ ಅಗೆ."

ಮನೆಯಲ್ಲಿ ಅಪ್ಪನಿಗೆ ಹೇಳಿದೆ. ಅವನು ಕಿಟಕಿಯ ಹತ್ತಿರ ಕೂತು ಹಳೆಯ ಶೂಗೆ ಲೇಸ್ ಪೋಣಿಸುತ್ತಿದ್ದ.

"ಬಿಡೋ," ಎಂದ.

"ಏನು ಬಿಡೋದು? ನೀನೇ ಇಲ್ಲ ಅಂತ ಅಚ್ಚು ಹಾಕ್ತಾರೆ. ಅದೂ ನನ್ನ ಕೈಯಿಂದಾನೇ."

"ಇಷ್ಟು ವರ್ಷ ಬಾಯಲ್ಲಿ ಅಂದ್ರು, ಈಗ ಅಚ್ಚಲ್ಲಿ ಅಂತಾರೆ. ಬಿಡೋ."

"ಅಜ್ಜೀನ ಒಂದು ಸಲಾನಾದ್ರೂ ಕೇಳಿದ್ದೀಯಾ?"

ಲೇಸಿನ ತುದಿ ತೂತಿಗೆ ಸಿಗಲಿಲ್ಲ. ಬಾಯಲ್ಲಿಟ್ಟು ಒದ್ದೆ ಮಾಡಿ ಮತ್ತೆ ಪೋಣಿಸಿದ. "ತಾಯೀನ ಹೋಗಿ ಅದನ್ನ ಕೇಳೋಕಾಗುತ್ತಾ?"

ಮಂಗಳವಾರ ಬೆಳಿಗ್ಗೆ ಹೊಟ್ಟೆನೋವೆಂದು ಓನರ್‌ಗೆ ಸುಳ್ಳು ಹೇಳಿ ಬಸ್ ಹತ್ತಿದೆ. ಸೇನೆಯ ಹಳೆಯ ದಾಖಲೆಗಳ ಕಚೇರಿ ಎರಡೂವರೆ ಗಂಟೆಯ ದಾರಿ. ಉದ್ದನೆಯ ಕೋಣೆ, ಎತ್ತರದ ಕಿಟಕಿ, ಗಾಜಿನ ಮೇಲೆಲ್ಲ ದೂಳು. ಕೌಂಟರಿನ ಹಿಂದೆ ದಪ್ಪ ಸ್ವೆಟರಿನ ಹೆಂಗಸೊಬ್ಬಳು, ಒಂದು ಕನ್ನಡಕ ಕಣ್ಣಿಗೆ, ಇನ್ನೊಂದು ತಲೆಯ ಮೇಲೆ.

"ಪೆನ್ನು ಒಳಗಿಡು ತಮ್ಮಾ. ಇಲ್ಲಿ ಪೆನ್ಸಿಲ್ ಮಾತ್ರ. ಏನು, ಕಾಲೇಜಾ?"

"ಪ್ರೆಸ್ಸು."

"ಪತ್ರಿಕೆಯೋರಾ? ನೀವು ಬಂದ್ರೆ ನಂಗೆ ಭಯ."

"ಅಲ್ಲ ಮೇಡಂ. ಹಾಳೆ ಮಡಚೋನು."

ಅವಳು ನಕ್ಕಳು. ಆಮೇಲೆ ಎರಡು ದಿನ ಒಂದಾದ ಮೇಲೊಂದು ಪೆಟ್ಟಿಗೆ ತಂದುಕೊಟ್ಟಳು.

ಅಜ್ಜ ಸಿಕ್ಕತೊಡಗಿದ. ಸೇರುವಾಗ ಇಪ್ಪತ್ತೊಂದು ವರ್ಷ. ಗಿರಣಿಯಲ್ಲಿ ವೈರ್‌ಮನ್. ಎಡಗೈ ತೋರುಬೆರಳಿನ ಮೇಲೆ ಸುಟ್ಟ ಕಲೆ. ಶೂ ಅಳತೆ ಏಳು. ಅಪ್ಪನದೂ ಏಳು, ನನ್ನದೂ ಏಳು. ಶೂ ಅಳತೆಯನ್ನು ಮೇಷ್ಟ್ರು ದಾಖಲೆ ಎನ್ನುವುದಿಲ್ಲ. ಹನ್ನೊಂದು ವಾರ ತರಬೇತಿ. ನಂಬರ್ ೪೪೧೭. ಬೆನ್ನ ಮೇಲೆ ತಂತಿಯ ಉರುಳೆ ಹೊತ್ತು ಮುಂಚೂಣಿಯಿಂದ ಹಿಂದಿನ ಠಾಣೆಗೆ ತಂತಿ ಎಳೆಯುವುದು, ಶೆಲ್ ಬಿದ್ದು ತುಂಡಾದಾಗಲೆಲ್ಲ ಹೋಗಿ ಜೋಡಿಸುವುದು. ರಜೆಯ ಅರ್ಜಿ ಮೂರು. ಮೂರರ ಮೇಲೂ ಒಂದೇ ಮೊಹರು: ತಿರಸ್ಕೃತ. ಮೇಷ್ಟ್ರು ಸುಳ್ಳು ಹೇಳಿರಲಿಲ್ಲ. ಅದಕ್ಕೇ ಇನ್ನಷ್ಟು ಉರಿಯಿತು.

ಬುಧವಾರ ಮಧ್ಯಾಹ್ನ ಆಕೆ ತಂದದ್ದು ದುರಸ್ತಿಯ ರಿಜಿಸ್ಟರು.

"ತಂತಿಯೋರು ಯಾವಾಗಲೂ ಜೋಡಿಯಲ್ಲೇ ಹೋಗೋರು," ಎಂದಳು. "ಕೆಲಸ ಮುಗಿಸಿ ಬಂದು ಇದರಲ್ಲಿ ಇಬ್ಬರ ನಂಬರೂ ಬರೀಬೇಕು. ನಿಮ್ಮ ತಾತಂದು, ಜೊತೆಗಾರಂದು."

ಜೊತೆಗಾರನ ನಂಬರ್ ೪೪೦೨. ಅವನೂ ನಮ್ಮ ಊರಿನವನೇ. ಬದುಕಿ ಬಂದ, ಗಡಿಯಾರ ರಿಪೇರಿ ಅಂಗಡಿ ಇಟ್ಟ, ಹನ್ನೊಂದು ವರ್ಷದ ಹಿಂದೆ ತೀರಿಕೊಂಡ. ಪುಸ್ತಕದಲ್ಲಿ ಅವನ ಪುಟ ನಲವತ್ತು, ಅಜ್ಜನ ಪುಟಕ್ಕೆ ಎದುರಿನದು. ರಿಜಿಸ್ಟರಿನಲ್ಲಿ ಒಂದು ದಿನವೂ ಬಿಡದೆ ಎರಡು ನಂಬರೂ ಇದ್ದವು. ಅಪ್ಪ ಹುಟ್ಟುವುದಕ್ಕೆ ಒಂಬತ್ತು ತಿಂಗಳ ಹಿಂದಿನ, ನನಗೆ ಬೇಕಾದ ತಿಂಗಳಲ್ಲಂತೂ ಕಣ್ಣಿಗೆ ಹೊಡೆಯುವ ಹಾಗೆ ದಿನಕ್ಕೆ ನಾಲ್ಕೈದು ಸಲ. ಅಜ್ಜ ಎಲ್ಲಿಗೂ ಹೋಗಿರಲಿಲ್ಲ. ಎದ್ದು ಹೋಗಿಬಿಡೋಣ ಅನ್ನಿಸಿತು.

"ಇಷ್ಟೇನಾ ಮೇಡಂ?"

"ಎಕ್ಸ್‌ಚೇಂಜಿಂದು ಇನ್ನೊಂದು ರಿಜಿಸ್ಟರಿದೆ. ಅದನ್ನ ಯಾರೂ ಕೇಳಲ್ಲ. ತಂತಿ ಜೋಡಿಸಿದ ಮೇಲೆ ಒಬ್ಬ ಅಲ್ಲಿಂದಲೇ ಫೋನ್ ಮಾಡಿ ತನ್ನ ನಂಬರ್ ಹೇಳಬೇಕು. ಇನ್ನೊಬ್ಬ ಮುಂದಿನ ಕಂಬದ ಹತ್ರದಿಂದ ಹೇಳಬೇಕು. ಎರಡೂ ಕಡೆಯಿಂದ ದನಿ ಬಂದರೇನೇ ಲೈನ್ ಸರಿ. ಎಕ್ಸ್‌ಚೇಂಜಲ್ಲಿ ಕೂತವನು ಕೇಳಿದ್ದನ್ನ ಕೇಳಿದ ಹಾಗೆ ಬರ್ಕೊಳ್ಳೋನು."

ಅದನ್ನೂ ತರಿಸಿದೆ. ಎರಡನ್ನೂ ಪಕ್ಕಪಕ್ಕ ತೆರೆದಿಟ್ಟು, ಪ್ರೆಸ್ಸಿನಲ್ಲಿ ಫಾರಂ ಜೋಡಿಸುವಾಗ ನೋಡುವ ಹಾಗೆ, ಎಡಗೈ ಬೆರಳು ಒಂದರ ಮೇಲೆ, ಬಲಗೈ ಬೆರಳು ಇನ್ನೊಂದರ ಮೇಲೆ ಇಟ್ಟು ಸಾಲು ಸಾಲಾಗಿ ಇಳಿದೆ. ಇನ್ನೂರು ಪುಟದ ಪುಸ್ತಕದಲ್ಲಿ ಒಂದು ಫಾರಂ ಬಿಟ್ಟುಹೋಗಿದ್ದರೆ ನನ್ನ ಬೆರಳಿಗೆ ಗೊತ್ತಾಗುತ್ತದೆ. ಮೂರನೇ ತಾರೀಖಿಗೆ ಬಂದಾಗ ಬಲಗೈ ನಿಂತಿತು.

ಎಡಗಡೆ: ೪೪೦೨, ೪೪೧೭. ಬಲಗಡೆ: ೪೪೦೨, ಇಪ್ಪತ್ತೈದು ನಿಮಿಷದ ನಂತರ ಮತ್ತೆ ೪೪೦೨.

ನಾಲ್ಕನೇ ತಾರೀಖೂ ಹಾಗೇ. ಐದು, ಆರು, ಏಳು. ಹತ್ತನೇ ತಾರೀಖಿನವರೆಗೆ ಎಂಟು ದಿನ. ಜೊತೆಗಾರ ಒಬ್ಬನೇ ಹೋಗಿ, ಒಬ್ಬನೇ ತಂತಿ ಜೋಡಿಸಿ, ಅಲ್ಲಿಂದ ಮಾತಾಡಿ, ಶೆಲ್ಲುಗಳ ನಡುವೆ ಮುಂದಿನ ಕಂಬಕ್ಕೂ ತಾನೇ ನಡೆದು ಅಲ್ಲಿಂದಲೂ ಮಾತಾಡಿದ್ದ. ಆಮೇಲೆ ಬಂದು ಇಬ್ಬರ ನಂಬರನ್ನೂ ಬರೆದಿದ್ದ. ಎಕ್ಸ್‌ಚೇಂಜಿನವನಿಗೆ ದನಿ ಗೊತ್ತು, ಅವನಿಗೆ ಸುಳ್ಳು ಹೇಳಲಾಗುವುದಿಲ್ಲ. ಅವನು ಕೇಳಿದ್ದನ್ನು ಬರೆದುಕೊಂಡ, ಯಾರಿಗೂ ಬಾಯಿ ಬಿಡಲಿಲ್ಲ. ಹನ್ನೊಂದನೇ ತಾರೀಖು ಬಲಗಡೆ ಮತ್ತೆ ೪೪೧೭. ಅದಾಗಿ ಹತ್ತೊಂಬತ್ತನೇ ದಿನಕ್ಕೆ ಅಜ್ಜ ಸತ್ತ.

ಸಾವಿನಿಂದ ಮುಂದಕ್ಕೆ ಎಂಟು ತಿಂಗಳು, ಹಿಂದಕ್ಕೆ ಮೂರು ವಾರ. ಊರಿನವರ ಹಾಗೆ ನಾನೂ ಬೆರಳು ಮಡಿಸಿದೆ. ಲೆಕ್ಕ ಕೂತಿತು.

ಎದ್ದು ಕುಣಿಯಬೇಕು ಅನ್ನಿಸಿದ್ದು ಅರ್ಧ ನಿಮಿಷ. ಆಮೇಲೆ ಮೇಷ್ಟ್ರ ಮಾತು ನೆನಪಾಯಿತು. ಈ ಕಾಗದ ತೋರಿಸಿದರೆ ಅಪ್ಪನಿಗೆ ಅಪ್ಪ ಸಿಗುತ್ತಾನೆ, ಅಜ್ಜನ ಹೆಸರಿಗೆ ಸಿಮೆಂಟ್ ಬೀಳುತ್ತದೆ. ತೋರಿಸದಿದ್ದರೆ ಅಜ್ಜ ಗೋಡೆಯ ಮೇಲೆ ವೀರ, ಅಪ್ಪ ಟಪಾಲು. ಎಂಟು ದಿನ ಸುಳ್ಳು ಬರೆದ ಜೊತೆಗಾರನ ಪುಟಕ್ಕೂ ಕುತ್ತು.

"ಸಿಕ್ತಾ ತಮ್ಮಾ?" ಎಂದಳು ಆಕೆ.

"ಸಿಕ್ತು. ಎರಡಕ್ಕೂ ನಕಲು ಬೇಕು. ಬೇರೆ ಬೇರೆ ಹಾಳೇಲಿ."

ಗುರುವಾರ ಸಂಜೆ ಅಪ್ಪ ಹೊರಗೆ ಹೋದ ಹೊತ್ತು ನೋಡಿ ಅಜ್ಜಿಯ ಎದುರು ಕೂತೆ. ಎಂಬತ್ತೆಂಟು ವರ್ಷ, ಹಿಡಿಯಷ್ಟು ಮೈ. ಬೇಡದ ಮಾತು ಅವಳ ಬಲಗಿವಿಗೆ ಕೇಳಿಸುವುದಿಲ್ಲ. ನಾನು ಎಡಗಡೆಗೆ ಕೂತೆ. ಅವಳು ನನ್ನ ಅಂಗಿಗೆ ಗುಂಡಿ ಹಾಕುತ್ತಿದ್ದಳು.

"ಅಜ್ಜಿ, ಅಜ್ಜ ಸತ್ತ ತಿಂಗಳು, ಮೂರನೇ ತಾರೀಖಿಂದ ಹತ್ತರ ತನಕ ಅವನು ದಳದಲ್ಲಿ ಇರಲಿಲ್ಲ."

ಸೂಜಿ ನಿಂತಿತು. ತಲೆ ಎತ್ತಲಿಲ್ಲ.

"ಯಾರು ಹೇಳಿದ್ರು ನಿಂಗೆ?"

ಎರಡು ಹಾಳೆಗಳನ್ನೂ ಓದಿ ಹೇಳಿದೆ. ಜೊತೆಗಾರ ಎರಡು ಕಡೆಯಿಂದಲೂ ಮಾತಾಡಿದ್ದನ್ನು ಹೇಳಿದಾಗ ಅವಳ ಕೈ ಅಂಗಿಯ ಮೇಲೆ ಸುಮ್ಮನೆ ಬಿತ್ತು.

"ಇಷ್ಟೊಂದು ಮಾಡಿದ್ನಾ ಅವನು? ನಂಗೆ ಒಂದು ದಿನಾನೂ ಹೇಳ್ಲಿಲ್ಲ ಪುಣ್ಯಾತ್ಮ. ಅಂಗಡಿ ಮುಂದೆ ಹೋದ್ರೆ ಗಡಿಯಾರದೊಳಗೆ ಮುಖ ಹುದುಗಿಸ್ತಿದ್ದ."

"ಅಜ್ಜ ಇಲ್ಲಿಗೆ ಬಂದಿದ್ನಾ?"

"ಮತ್ತೆ ಇನ್ನೆಲ್ಲಿಗೆ ಹೋಗ್ತಾನೆ?" ದನಿ ಒಮ್ಮೆಲೇ ಹರಿತವಾಯಿತು. "ಎರಡು ದಿನ ಗೂಡ್ಸ್ ಗಾಡೀಲಿ ಕಲ್ಲಿದ್ದಲಿನ ಮೇಲೆ ಕೂತು ಬಂದಿದ್ದ. ನಾಲ್ಕು ದಿನ ಅಟ್ಟದ ಮೇಲೆ ಇಟ್ಕೊಂಡಿದ್ದೆ. ಕೆಳಗೆ ಅವನಣ್ಣನ ಸಂಸಾರ, ನಿಮ್ಮ ಮೇಷ್ಟ್ರ ಅಪ್ಪ. ಒಂದು ಕೆಮ್ಮು ಕೇಳಿಸಿದ್ರೂ ಮುಗೀತು, ಮನೆ ಮುಂದೇನೇ ಗುಂಡು. ಕೆಮ್ಮು ಬಂದಾಗೆಲ್ಲ ಹಾಸಿಗೆ ಕಚ್ಚಿಕೊಳ್ಳೋನು. ನಾನು ಒಂದು ದಿನಾನೂ ಬಿಡದೆ ಡಬ್ಬಿ ಫ್ಯಾಕ್ಟರಿಗೆ ಹೋಗ್ತಿದ್ದೆ. ಬಿಟ್ಟಿದ್ರೆ ಅನುಮಾನ ಬರುತ್ತಲ್ಲ. ಸಂಜೆ ಬಂದು ನೋಡಿದ್ರೆ ನಿದ್ದೆ. ಏನು ನಿದ್ದೆ ಅಂತೀಯಾ, ಸತ್ತೋರ ಹಾಗೆ."

"ಆಮೇಲೆ?"

"ಆಮೇಲೆ ಹೊರಟ. ಕಾಲು ಹಿಡ್ಕೊಂಡೆ. ಜೊತೆಗಾರ ಒಬ್ಬನೇ ನಡೀತಾ ಇದ್ದಾನೆ ಅಂದ. ಅಷ್ಟೇ ಮಾತು."

"ಇಷ್ಟು ವರ್ಷ ಯಾಕೆ ಬಾಯಿ ಮುಚ್ಕೊಂಡಿದ್ದೆ ಅಜ್ಜಿ? ಊರೆಲ್ಲ ನಿನ್ನ..."

"ಅಂತಿತ್ತು, ಗೊತ್ತು. ಅವನು ಬದುಕಿದ್ದಾಗ ಹೇಳಿದ್ರೆ ಅವನನ್ನ ಸಾಯಿಸ್ತಿದ್ರು. ಸತ್ತ ಮೇಲೆ ಹೇಳಿದ್ರೆ ಜೊತೆಗಾರನನ್ನ ಜೈಲಿಗೆ ಹಾಕ್ತಿದ್ರು. ಅವನಿಗೆ ಮೂರು ಮಕ್ಕಳು. ಆಮೇಲೆ..." ಸೂಜಿಯನ್ನು ಮತ್ತೆ ಹಿಡಿದುಕೊಂಡಳು. "ಆಮೇಲೆ ಯಾರೂ ಕೇಳಲೇ ಇಲ್ಲ. ಬರೀ ನಕ್ಕರು. ನಿಮ್ಮಪ್ಪನೂ ಕೇಳಲಿಲ್ಲ. ಕೇಳ್ತಾನೆ, ಕೇಳ್ತಾನೆ ಅಂತ ಕಾದೆ."

ಮೇಷ್ಟ್ರ ನಿಯಮ ಹೇಳಿದೆ. ಶುಕ್ರವಾರ ಎರಡು ಗಂಟೆ ಎಂದೂ ಹೇಳಿದೆ. ಅವಳು ದಾರವನ್ನು ಹಲ್ಲಿನಲ್ಲಿ ಕಡಿದಳು.

"ಆ ಎಂಟು ದಿನ ಅವನು ಎಲ್ಲಿದ್ದ ಅಂತ ಬರೆದಿದ್ಯೋ ಆ ರಿಜಿಸ್ಟರಲ್ಲಿ?"

"ಸೇತುವೆ ಹತ್ರ ಒಂದು ಪಾಳು ಇಟ್ಟಿಗೆ ಗೂಡು."

"ರೈಲು ನಿಲ್ದಾಣ ಹತ್ರ ಇತ್ತಾ?"

"ಕಚೇರೀಲಿ ನಕ್ಷೆ ತೋರಿಸಿದ್ರು. ಮೂರು ಮೈಲಿ. ಯಾಕೆ?"

"ಸುಮ್ನೆ. ನಡೆಯೋ ದೂರಾನೇ." ಅಂಗಿಯನ್ನು ಕೊಡವಿ ನನ್ನ ಮೇಲೆ ಎಸೆದಳು. "ಆ ಎಕ್ಸ್‌ಚೇಂಜಿನ ಕಾಗದ ನಿನ್ನ ಜೇಬಲ್ಲೇ ಇರಲಿ. ಯಾರಿಗೂ ತೋರಿಸ್ಬೇಡ. ಅಪ್ಪಿತಪ್ಪಿ ತೋರಿಸಿದ್ಯೋ, ನೋಡು."

ಎದ್ದಾಗ ನೋಡಿದರೆ ಅಪ್ಪ ಬಾಗಿಲ ಹೊರಗೆ ನಿಂತಿದ್ದ. ಯಾವಾಗ ಬಂದನೋ, ಎಷ್ಟು ಕೇಳಿಸಿಕೊಂಡನೋ ತಿಳಿಯಲಿಲ್ಲ. ಶೂ ಬಿಚ್ಚುವ ನೆಪದಲ್ಲಿ ಬಗ್ಗಿದ.

ಶುಕ್ರವಾರ ಒಂದೂವರೆಗೆ ಮೇಷ್ಟ್ರು ಪ್ರೆಸ್ಸಿಗೆ ಬಂದರು. ಮಷೀನು ಬಿಸಿಯಾಗಿ ಕಾಯುತ್ತಿತ್ತು, ನಲವತ್ತೊಂದನೇ ಪುಟದ ಫಾರಂ ಮೇಜಿನ ಮೇಲೆ ಹರಡಿತ್ತು. ಅವರು ಬಗ್ಗಿ ಎಲ್ಲ ಪುಟಗಳ ಮೇಲೂ ಕಣ್ಣಾಡಿಸಿ, ಸಹಿಗೆಂದು ಪೆನ್ನಿನ ಮುಚ್ಚಳ ತೆಗೆದರು.

"ಏನಪ್ಪಾ, ಎರಡು ದಿನ ಹೊಟ್ಟೆನೋವಂತೆ. ಔಷಧಿ ಸಿಕ್ತಾ?"

ಜೇಬಿನಲ್ಲಿ ಎರಡು ಹಾಳೆಗಳಿದ್ದವು. ಎರಡನ್ನೂ ತೆಗೆದು ಅವರ ಮುಖಕ್ಕೆ ಬಡಿಯಬೇಕು, ಆಮೇಲೆ ಏನಾದರೂ ಆಗಲಿ ಅನ್ನಿಸಿತು. ಕೈ ಜೇಬಿಗೆ ಹೋಯಿತು. ಬೆರಳಿಗೆ ಕಾಗದ ಸಿಕ್ಕಿತು. ಅಷ್ಟರಲ್ಲಿ ಮೆಟ್ಟಿಲ ಮೇಲೆ ಸದ್ದಾಯಿತು. ಅಪ್ಪನ ತೋಳು ಹಿಡಿದುಕೊಂಡು ಅಜ್ಜಿ ಮೇಲೆ ಬರುತ್ತಿದ್ದಳು, ಮೆಟ್ಟಿಲಿಗೊಂದು ಸಲ ನಿಂತು, ಮೆಟ್ಟಿಲಿಗೊಂದು ಸಲ ಬೈಯುತ್ತ.

ಓನರ್ ಓಡಿಹೋಗಿ ಕುರ್ಚಿ ತಂದರು. ಅವಳು ಕೂತದ್ದು ಕಾಗದದ ಬಂಡಲಿನ ಮೇಲೆ.

"ಏನು ಚಿಕ್ಕಮ್ಮಾ, ಇಲ್ಲೀ ತನಕ?" ಎಂದರು ಮೇಷ್ಟ್ರು. ಜನರೆದುರು ಅವರ ಬಾಯಿಗೆ ಚಿಕ್ಕಮ್ಮ ಬರುತ್ತದೆ.

"ನನ್ನ ಗಂಡನ ಪುಟ ಓದು, ಕೇಳೋಣ."

ಓದಿದರು. ಮಕ್ಕಳ ಹತ್ತಿರ ಬಂದಾಗ ದನಿ ಸ್ವಲ್ಪ ಇಳಿಯಿತು.

"ತಪ್ಪು," ಎಂದಳು ಅಜ್ಜಿ. "ಒಬ್ಬ ಮಗ ಅಂತ ಬರಿ. ಇಲ್ಲೇ ನಿಂತಿದ್ದಾನಲ್ಲ ಮರದ ಹಾಗೆ, ಕಾಣ್ಸಲ್ವಾ?"

"ಬೇಜಾರು ಮಾಡ್ಕೋಬೇಡಿ. ಅವರು ಹದಿನಾಲ್ಕು ತಿಂಗಳು ಊರಿಗೇ ಬಂದಿಲ್ಲ."

"ಅವನು ಬರಲಿಲ್ಲ. ನಾನೇ ಹೋಗಿದ್ದೆ."

ನಿಲ್ದಾಣ ಎಷ್ಟು ದೂರ ಎಂದು ಅವಳು ಯಾಕೆ ಕೇಳಿದ್ದಳೆಂದು ಆಗ ಹೊಳೆಯಿತು.

"ಯುದ್ಧ ನಡೆಯೋ ಜಾಗಕ್ಕೆ ಹೆಂಗಸರನ್ನ ಬಿಡ್ತಾನೇ ಇರಲಿಲ್ಲ," ಎಂದರು ಮೇಷ್ಟ್ರು.

"ಬಿಡ್ತಿರಲಿಲ್ಲ. ಅದಕ್ಕೇ ಕದ್ದು ಹೋದೆ. ಅದಕ್ಕೇ ಇಷ್ಟು ದಿನ ಹೇಳಲಿಲ್ಲ. ಈಗೇನು, ಪೊಲೀಸರನ್ನ ಕರೀತೀಯಾ?"

"ನೀವು ದಿನಾ ಫ್ಯಾಕ್ಟರಿಗೆ ಹೋಗ್ತಿದ್ರಿ ಅಂತ ನಮ್ಮಪ್ಪ..."

"ನಿಮ್ಮಪ್ಪ ಫ್ಯಾಕ್ಟರಿ ಗೇಟಲ್ಲಿ ನಿಂತಿದ್ನಾ? ಪಕ್ಕದ ಮೆಷಿನ್‌ನವಳು ನನ್ನ ಹಾಜರಿ ಕಾರ್ಡನ್ನೂ ತಾನೇ ಒತ್ತಿದಳು. ಜೊತೆಗಾರರು ಅಂದ್ರೆ ಅಷ್ಟೂ ಮಾಡಲ್ವಾ? ಹೋಗಿ ಅವಳನ್ನ ಕೇಳ್ತೀನಿ ಅಂದ್ರೆ ಅವಳಿಲ್ಲ. ನಿಮ್ಮಪ್ಪನೂ ಇಲ್ಲ. ಆವಾಗ ಕಂಡೋರು ಯಾರೂ ಉಳಿದಿಲ್ಲ. ನಾನೊಬ್ಬಳೇ."

ಅವಳು ರೆಪ್ಪೆ ಮಿಟುಕಿಸಲಿಲ್ಲ. ಜೊತೆಗಾರನ ಸುಳ್ಳನ್ನು ಎತ್ತಿ ತಂದು, ಹೆಣ್ಣಿನ ಬಟ್ಟೆ ತೊಡಿಸಿ, ಮೇಷ್ಟ್ರ ಮುಂದೆ ನಿಲ್ಲಿಸಿದ್ದಳು.

"ಎಲ್ಲಿ ಕಂಡ್ರಿ ಅವರನ್ನ?"

"ಸೇತುವೆ ಹತ್ರ, ಪಾಳು ಇಟ್ಟಿಗೆ ಗೂಡು. ನಿಲ್ದಾಣದಿಂದ ಮೂರು ಮೈಲಿ ನಡೆದೆ. ಅವನು ಸತ್ತ ತಿಂಗಳ ಐದನೇ ತಾರೀಖು."

ಮೇಷ್ಟ್ರು ನನ್ನ ಕಡೆ ತಿರುಗಿದರು. "ಇದು ದಾಖಲೇಲಿ ಇದ್ಯಾ?"

ಜೇಬಿನೊಳಗೆ ಬೆರಳಿನಿಂದಲೇ ಹುಡುಕಿ ದುರಸ್ತಿ ರಿಜಿಸ್ಟರಿನ ಹಾಳೆಯನ್ನು ಮಾತ್ರ ಎಳೆದು ಕೊಟ್ಟೆ. ಇಟ್ಟಿಗೆ ಗೂಡು, ಐದನೇ ತಾರೀಖು, ೪೪೦೨, ೪೪೧೭. ಅವರು ಉತ್ತರಪತ್ರಿಕೆ ನೋಡುವ ಹಾಗೆ ಪೆನ್ನಿನ ತುದಿಯಿಂದ ಸಾಲು ಸಾಲಾಗಿ ಇಳಿದರು. ಹುಬ್ಬಿನ ಗೀರು ಗಂಟಾಯಿತು.

"ಇಲ್ಲೇ ಇದ್ದಾನೆ," ಎಂದರು ಮೆಲ್ಲಗೆ. ಆಮೇಲೆ ತಲೆ ಎತ್ತಿದರು. "ಜೇಬಲ್ಲಿ ಇನ್ನೊಂದು ಕಾಗದ ಇದೆಯಲ್ಲ. ಅದೇನು?"

ಅರ್ಧ ಹಾಳೆ ಹೊರಗೆ ಇಣುಕುತ್ತಿತ್ತು. ಅದನ್ನು ಮುಷ್ಟಿಯಲ್ಲಿ ಹಿಡಿದುಕೊಂಡೆ.

"ಏನಿಲ್ಲ."

"ಏನಿಲ್ಲದ್ದನ್ನ ಇಷ್ಟು ಗಟ್ಟಿಯಾಗಿ ಯಾಕೆ ಹಿಡ್ಕೊಂಡಿದ್ದೀಯಾ? ಕೊಡಿಲ್ಲಿ."

ಕೈ ಚಾಚಿದರು. ನಾನು ಒಂದು ಹೆಜ್ಜೆ ಹಿಂದೆ ಸರಿದೆ, ಬೆನ್ನಿಗೆ ಮಷೀನು ತಾಗಿತು. ಅವರ ಬೆರಳು ಜೇಬಿನ ಅಂಚಿಗೆ ಬಂದಾಗ ಅಪ್ಪ ನಡುವೆ ಬಂದ. ನೂಕಲಿಲ್ಲ, ಗದರಲಿಲ್ಲ. ಟಯರ್ ಎತ್ತಿದ ಆ ದಪ್ಪ ಕೈಯನ್ನು ಮೇಷ್ಟ್ರ ಹೆಗಲ ಮೇಲೆ ಇಟ್ಟ.

"ತಮ್ಮಾ," ಎಂದ. "ಅಮ್ಮ ಮೆಟ್ಟಿಲು ಹತ್ತಿ ಬಂದಿದ್ದಾಳೆ. ಅವಳ ಮಾತು ಸುಳ್ಳು ಅನ್ನೋದಾದ್ರೆ ಅವಳ ಮುಖ ನೋಡಿ ಹೇಳು. ಇಲ್ಲಾಂದ್ರೆ ಸಹಿ ಹಾಕು."

ತಮ್ಮಾ ಎಂದು ಅವನು ಕರೆದದ್ದು ಅದೇ ಮೊದಲು. ಮೇಷ್ಟ್ರು ಅಜ್ಜಿಯ ಮುಖ ನೋಡಿದರು. ಅಜ್ಜಿಯೂ ನೋಡಿದಳು. ಓನರ್ ಗೋಡೆಯ ಗಡಿಯಾರ ನೋಡಿ, "ಎರಡಾಗ್ತಾ ಬಂತು ಮೇಷ್ಟ್ರೇ, ಪ್ಲೇಟಿಗೆ ಇನ್ನೂ ಅರ್ಧ ಗಂಟೆ ಬೇಕು," ಎಂದರು.

ಮೇಷ್ಟ್ರು ಬಗ್ಗಿದರು. ‘ಇಲ್ಲ’ ಎಂಬುದನ್ನು ಹೊಡೆದು ‘ಒಬ್ಬ ಮಗ’ ಎಂದು ಬರೆದರು. ಹತ್ತಿರದ ಬಂಧು ಎಂದು ತಮ್ಮನ್ನೇ ಹಾಕಿಕೊಂಡಿದ್ದ ಸಾಲಿನ ಮೇಲೆ ಸ್ವಲ್ಪ ಹೊತ್ತು ಪೆನ್ನು ಹಿಡಿದು, ಅದನ್ನೂ ಹೊಡೆದರು. ಸಹಿ ಹಾಕಿ, ಯಾರಿಗೂ ಹೇಳದೆ ಇಳಿದು ಹೋದರು.

ಹೊಸ ಪ್ಲೇಟ್ ಕೂತಿತು, ಮಷೀನು ಓಡಿತು. ನಾನು ಹಾಳೆ ಎಣಿಸುವ ಕಡೆ ನಿಂತಿದ್ದೆ. ಗೆದ್ದೆವೆಂದು ಕುಣಿಯಬೇಕಿತ್ತು. ಕುಣಿಯಲಾಗಲಿಲ್ಲ. ಹೆಂಡತಿಯ ಹತ್ತಿರ ನಾಲ್ಕು ದಿನ ಮಲಗಿ ಎದ್ದು, ತಾನಾಗಿಯೇ ಸಾವಿನ ಕಡೆ ವಾಪಸ್ ನಡೆದವನನ್ನು ಇದ್ದ ಹಾಗೆ ಬರೆಯಲು ಎಂಟುನೂರು ಪ್ರತಿಗಳಲ್ಲಿ ಒಂದು ಸಾಲಿನ ಜಾಗ ಇರಲಿಲ್ಲ. ಒಂದು ದಿನವೂ ರಜೆ ಪಡೆಯದೆ ದುಡಿದರು ಎಂಬ ಸಾಲು ಹಾಗೇ ಅಚ್ಚಾಗುತ್ತಿತ್ತು. ಅದೂ ನನ್ನ ಕೈಯಿಂದ.

ಅಜ್ಜಿ ಓನರ್ ಕೊಟ್ಟ ಚಹಾ ಕುಡಿಯುತ್ತಿದ್ದಳು. ಅಪ್ಪ ನನ್ನ ಹತ್ತಿರ ಬಂದು ಕೈ ಚಾಚಿದ.

"ಆ ಇನ್ನೊಂದು ಕಾಗದ ಕೊಡು."

ಕೊಟ್ಟೆ. ಕಿಟಕಿಯ ಬೆಳಕಿಗೆ ಹಿಡಿದು ನಿಧಾನವಾಗಿ ಓದಿದ. ಹೇಗೆ ನೋಡಬೇಕೆಂದು ನಾನು ಹೇಳಿಕೊಡಬೇಕಾಗಲಿಲ್ಲ. ನಿನ್ನೆ ಬಾಗಿಲಲ್ಲಿ ನಿಂತು ಎಲ್ಲವನ್ನೂ ಕೇಳಿಸಿಕೊಂಡಿದ್ದನೆಂದು ಆಗ ಖಾತ್ರಿಯಾಯಿತು.

"ಇವನೊಬ್ಬನೇ ಎರಡು ಕಡೆಗೂ ನಡೆದಿದ್ದಾನೆ," ಎಂದ.

"ಹೂಂ. ಎಂಟು ದಿನ."

"ಹನ್ನೊಂದಕ್ಕೆ ಬಂದುಬಿಟ್ಟನಾ?"

"ಬಂದ."

ಅಪ್ಪ ಹನ್ನೊಂದನೇ ತಾರೀಖಿನ ಆ ೪೪೧೭ರ ಮೇಲೆ ಹೆಬ್ಬೆರಳು ಇಟ್ಟುಕೊಂಡು ನಿಂತ. ಊರು ಟಪಾಲು ಎಂದಾಗ, ಹಾರ ಹಾಕಿ ಟಪಾಲು ಎಂದಾಗ ಬರದಿದ್ದ ಸಿಟ್ಟು ಮುಖಕ್ಕೇರಿತು.

"ಬುದ್ಧಿ ಬೇಡ್ವಾ ಅವನಿಗೆ?" ಎಂದ. ಮಷೀನಿನ ಸದ್ದಿನ ಮೇಲೆ ಕೂಗಿಯೇ ಹೇಳಬೇಕಿತ್ತು, ಕೂಗಿದ. "ಹೆಂಡತಿ ಕಾಲು ಹಿಡ್ಕೊಂಡಿದ್ದಾಳೆ, ನಾನು ಬರೋನಿದ್ದೀನಿ. ಅಟ್ಟದ ಮೇಲೆ ಬಿದ್ದಿರೋದಕ್ಕೆ ಏನಾಗಿತ್ತು ರೋಗ? ಏನೋ ಇವನೊಬ್ಬನಿಂದಾನೇ ಯುದ್ಧ ನಡೀತಿದ್ದ ಹಾಗೆ!"

ಅಜ್ಜಿಯ ಲೋಟ ಬಾಯಿಯ ಹತ್ತಿರ ನಿಂತಿತು.

"ಹೇಳ್ದೆ ಕಣೋ," ಎಂದು ಅವಳೂ ಅಲ್ಲಿಂದಲೇ ಕೂಗಿದಳು. "ಬಡ್ಕೊಂಡೆ. ನನ್ನ ಮಾತು ಎಲ್ಲಿ ಕೇಳ್ತಾನೆ!"

"ಕೇಳಬೇಕಿತ್ತು ಅವನು!" ಎಂದ ಅಪ್ಪ, ಹಾಳೆಯನ್ನು ಅವಳ ಮುಂದೆ ಹಿಡಿದುಕೊಂಡು ಹೋಗಿ ಬಂಡಲಿನ ಮೇಲೆ ಪಕ್ಕದಲ್ಲಿ ಕೂತ. "ಏನಂದ ಅವನು ಹೊರಡೋವಾಗ? ಮೊದಲಿಂದ ಹೇಳು."